ಗಿರಣಿ ಪಕ್ಕದ ಉಚ್ಚಾರ ವರ್ಗ

ಹೋದ ತಿಂಗಳು ಮೇಡಂ ಸೋಲಾಪುರದಲ್ಲಿ ತೀರಿಕೊಂಡರು. ಸುದ್ದಿ ಬಂದ ಗಳಿಗೆಯಿಂದ ನನ್ನ ಮೊಬೈಲಿನಲ್ಲಿ ಕೈಮುಗಿದ ಚಿತ್ರಗಳ ಸಾಲೇ ಸಾಲು. ಅವರ ಹತ್ತಿರ ಇಂಗ್ಲಿಷ್ ಕಲಿತ ಮಕ್ಕಳ ತಾಯಂದಿರು ಮಾಡಿಕೊಂಡ ಗುಂಪು ಅದು. ಒಬ್ಬಳು ಬರೆದಳು, ದೇವತೆಯಂಥವರು. ಇನ್ನೊಬ್ಬಳು ಬರೆದಳು, ಶಾಂತ ಸ್ವಭಾವ, ಯಾರು ಏನೆಂದರೂ ತಿರುಗಿ ಮಾತಾಡಿದವರಲ್ಲ. ಮೂರನೆಯವಳು ಒಂದು ಕಾಲಕ್ಕೆ ಅವರನ್ನು ಮತಾಂತರದ ಏಜೆಂಟ್ ಅಂದವಳು, ಈಗ ಸಾಕ್ಷಾತ್ ಸರಸ್ವತಿ ಅಂದಳು. ನನಗೆ ಹಿಡಿಸಲಿಲ್ಲ. ಸತ್ತವರ ಬಗ್ಗೆ ಬರೀ ಒಳ್ಳೆಯದನ್ನೇ ಹೇಳುವವರನ್ನು ನಾನು ನಂಬುವುದಿಲ್ಲ. ಬದುಕಿದ್ದವರ ಬಗ್ಗೆ ಹಾಗೆ ಹೇಳುವವರನ್ನಂತೂ ಬಾಗಿಲಿನಿಂದಲೇ ಕಳಿಸುತ್ತೇನೆ.

ನಾನು ಸಂಶಯದ ಹೆಂಗಸು. ನನ್ನ ಅತ್ತೆ ಇದನ್ನು ಇಡೀ ಕರಜಗಿಗೆ ಸಾರಿಕೊಂಡು ಬಂದಿದ್ದಾರೆ. "ನಮ್ಮ ಸೊಸಿ ಮೊಸರಾಗ ಕಲ್ಲ ಹುಡಕಾಕಿ" ಅನ್ನುತ್ತಾರೆ. ಹೌದು, ಹುಡುಕುತ್ತೇನೆ. ಕಲ್ಲು ಸಿಕ್ಕ ದಿನ ಉಳಿಯುವುದು ನನ್ನದೇ ಹಲ್ಲು. ಮೇಡಂರನ್ನು ನನ್ನಷ್ಟು ಸಂಶಯದಿಂದ ನೋಡಿದವರು ಆ ಗುಂಪಿನಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ಅವರ ಬಗ್ಗೆ ಬರೆಯುವ ಹಕ್ಕು ನನಗೇ ಹೆಚ್ಚು ಎಂದುಕೊಂಡಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವರೇ ಹಾಕಿದ ಷರತ್ತು.

ಮೊದಲು ನನ್ನ ಮಗಳ ಮಾತು ಹೇಳಬೇಕು, ಇಲ್ಲದಿದ್ದರೆ ಮೇಡಂ ಅರ್ಥವಾಗುವುದಿಲ್ಲ. ಮಗಳ ಹೆಸರು ಕಾವ್ಯಾ. ಅವಳಿಗೆ ಕ ಬರುತ್ತಿರಲಿಲ್ಲ. ಕ ಅನ್ನಬೇಕಾದಲ್ಲಿ ತ, ಗ ಅನ್ನಬೇಕಾದಲ್ಲಿ ದ. ಹೆಸರು ತಾವ್ಯಾ, ಊರು ತರಜದಿ, ತಾಲೂಕು ಅತ್ತಲತೋಟ. ದೇವರಿಗೆ ಒಂದು ಅಕ್ಷರ ಕಸಿದುಕೊಳ್ಳಲೇಬೇಕೆಂದಿದ್ದರೆ ಬೇರೆ ಯಾವುದೂ ಸಿಗಲಿಲ್ಲವೇ? ಕರಜಗಿಯಲ್ಲಿ ಹುಟ್ಟಿ ಅಕ್ಕಲಕೋಟ ತಾಲೂಕಿನಲ್ಲಿ ಬೆಳೆಯುವ ಹುಡುಗಿಗೆ ಕ ಇಲ್ಲವೆಂದರೆ ಅವಳು ತನ್ನ ಗುರುತು ಹೇಳುವುದಾದರೂ ಹೇಗೆ?

ಸಣ್ಣವಳಿದ್ದಾಗ ಎಲ್ಲರಿಗೂ ಅದು ಮುದ್ದು. ನನ್ನ ಮೈದುನ ಬಂದವರ ಮುಂದೆಲ್ಲ ಅವಳನ್ನು ನಿಲ್ಲಿಸಿ "ಕಾಕಾ ಅನ್ನ ನೋಡೂಣು" ಅನ್ನುವನು, ಅವಳು "ತಾತಾ" ಅನ್ನುವಳು, ಮನೆಯೇ ನಗುವುದು. ಶಾಲೆಗೆ ಹೋದ ಮೇಲೆ ಬೇರೆ ಮಕ್ಕಳು ನಕ್ಕರು. ಆ ನಗು ಬೇರೆ. ಎಂಟು ವರ್ಷ ತುಂಬುವಷ್ಟರಲ್ಲಿ ನನ್ನ ಮಗಳು ಕ ಇರುವ ಮಾತನ್ನೇ ಬಿಟ್ಟಳು. ಕೋಳಿಗೆ ಹುಂಜ ಅನ್ನುವಳು, ಆಕಳಿಗೆ ದನ, ಕಾಕಾನಿಗೆ ಸಣ್ಣಪ್ಪ. ಕೊಡು ಅನ್ನಲಾರದೆ ಕೈ ಚಾಚುವಳು. ಅತ್ತೆ ಮಾತ್ರ, "ನಮ್ಮ ಹುಡುಗಿ ಮಾತ ಕಡಿಮಿ, ಭಾಳ ಸುದ್ದ" ಎಂದು ಹೆಮ್ಮೆ ಪಡುತ್ತಿದ್ದರು.

ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು. ಹರಕೆ ಹೊತ್ತೆವು. ಸೋಲಾಪುರದಲ್ಲಿ ಮಾತಿನ ಡಾಕ್ಟರು ಇದ್ದಾರೆಂದು ನನಗೆ ಗೊತ್ತಿತ್ತು. ಆದರೆ ನಮ್ಮ ಕಡೆ ಹೆಣ್ಣುಮಗುವನ್ನು ಅಂಥಲ್ಲಿಗೆ ಒಯ್ದರೆ, ತಿರುಗಿ ಬಸ್ಸಿಳಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಒಮ್ಮೆ ಅಡ್ಡಹೆಸರು ಬಿತ್ತೆಂದರೆ ಮುಗಿಯಿತು. ನನ್ನ ಗಂಡನ ಸೋದರತ್ತೆ ಒಬ್ಬರು ತೊದ್ಲ ಚಂದ್ರವ್ವ. ವಯಸ್ಸಾದ ಮೇಲೆ ಆಕೆ ತೊದಲುತ್ತಿರಲಿಲ್ಲ, ಚೆನ್ನಾಗಿಯೇ ಜಗಳ ಆಡುತ್ತಿದ್ದರು. ಆದರೂ ಸತ್ತ ದಿನ ಮಂದಿ ಹೇಳಿದ್ದು, "ತೊದ್ಲ ಚಂದ್ರವ್ವ ಹ್ವಾದಳಂತ." ನನ್ನ ಮಗಳು ನಾಲ್ಕನೆಯ ತರಗತಿ ಮುಗಿಸಿ ಜೂನ್ ತಿಂಗಳಿಗೆ ಅಕ್ಕಲಕೋಟದ ದೊಡ್ಡ ಶಾಲೆಗೆ ಹೋಗುವವಳಿದ್ದಳು. ಮೊದಲ ದಿನ ಎದ್ದು ನಿಂತು ಹೆಸರು, ಊರು, ತಾಲೂಕು ಹೇಳಬೇಕು. ಅಲ್ಲಿ ಎಡವಿದರೆ ಅವಳೂ ಸಾಯುವ ತನಕ ತಾವ್ಯಾ. ಅದೊಂದೇ ನನ್ನ ಚಿಂತೆ. ಜೂನ್ ಬರುವುದರೊಳಗೆ ಕ ಬರಬೇಕು, ಯಾರಿಗೂ ಗೊತ್ತಾಗದೆ ಬರಬೇಕು.

ಅಕ್ಕಲಕೋಟದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬೋರ್ಡು ಕಂಡೆ. ಮರಾಠಿಯಲ್ಲಿ ಬರೆದಿತ್ತು, ಇಂಗ್ರಜಿ ಉಚ್ಚಾರ ವರ್ಗ, ವ್ಯಂಜನಗಳಿಂದ ಆರಂಭ. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಇಂಗ್ಲಿಷಿನಲ್ಲಿ ಎಲ್ಲ ಮಕ್ಕಳೂ ತೊದಲುತ್ತವೆ. ನೂರು ಕುಂಟರ ನಡುವೆ ಒಬ್ಬಳು ಕುಂಟಿದರೆ ಯಾರು ನೋಡುತ್ತಾರೆ? ಊರಲ್ಲಿ ಕೇಳಿದರೆ ಮಗಳನ್ನು ಇಂಗ್ಲಿಷಿಗೆ ಹಚ್ಚಿದ್ದೇನೆ ಎಂದು ಎದೆ ಸೆಟೆಸಿ ಹೇಳಬಹುದು. ಮೇಡಂಗೂ ನಿಜ ಹೇಳುವುದು ಬೇಡ ಎಂದು ತೀರ್ಮಾನ ಮಾಡಿಕೊಂಡೇ ಮೆಟ್ಟಿಲು ಹತ್ತಿದೆ.

ಮೊದಲ ಸಂಶಯ ಆ ಜಾಗವೇ. ವರ್ಗದ ಕೋಣೆಗೂ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಗಿರಣಿ ಚಾಲೂ ಆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಉಚ್ಚಾರ ಕಲಿಸುವವರು ಯಾರಾದರೂ ಗಿರಣಿ ಪಕ್ಕ ಕೋಣೆ ಹಿಡಿಯುತ್ತಾರೆಯೇ? ಬಾಡಿಗೆ ಕಡಿಮೆ ಇರಬಹುದು ಅಂದುಕೊಂಡೆ. ಆದರೆ ಗಿರಣಿ ಶುರುವಾದಾಗ ನಾವೆಲ್ಲ ದನಿ ಏರಿಸಿ ಕೂಗಾಡಿದರೂ ಅವರ ದನಿ ಒಂದಿಷ್ಟೂ ಏರುತ್ತಿರಲಿಲ್ಲ. ಅದು ಮೊದಲೇ ಏರಿಳಿತವಿಲ್ಲದ ದನಿ, ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಉಳಿದ ತಾಯಂದಿರು ಅದನ್ನು ಇಂಗ್ಲಿಷ್ ಕಲಿತವರ ಠೀವಿ ಅಂದರು. ಹಿಂದಿನಿಂದ ಕರೆದರೆ ಓಗೊಡುತ್ತಲೂ ಇರಲಿಲ್ಲ, ನಾನು ಸೊಕ್ಕು ಅಂದೆ.

ಎರಡನೆಯದು ಅವರ ನೋಟ. ಸಣ್ಣ ಆಳು, ಕೈಮಗ್ಗದ ಸೀರೆ, ಕಿವಿ ಮುಚ್ಚುವ ಹಾಗೆ ಕೆಳಗೆ ಬಾಚಿ ಕಟ್ಟಿದ ಬಿಳಿ ಕೂದಲು. ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿಯೇ ಕೂಡುತ್ತಿದ್ದರು. ಬಂದವರನ್ನು ಕಿಟಕಿಯ ಬೆಳಕಿಗೆ ಕೂಡಿಸುತ್ತಿದ್ದರು. ಮಾತಾಡುವಾಗ ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನನಗೊಂದು ಸೊಟ್ಟ ಹಲ್ಲಿದೆ. ಅದನ್ನೇ ನೋಡುತ್ತಿದ್ದಾರೆಂದು ಮೊದಲ ದಿನವೆಲ್ಲ ಸೆರಗಿನಿಂದ ಬಾಯಿ ಮುಚ್ಚಿ ಮಾತಾಡಿದೆ. "ಸೆರಗ ತಗೀರಿ, ಬಾಯಿ ತಗದ ಮಾತಾಡ್ರಿ" ಅಂದರು. ಎಂಥ ಹೆಂಗಸು!

ಅವರು ಮಗಳಿಗೆ "ನಿನ್ನ ಹೆಸರೇನವಾ?" ಎಂದು ಕೇಳಿದರು. ನಾನೇ ಮುಂದೆ ಬಿದ್ದು, "ಕಾವ್ಯಾರಿ, ಕರಜಗೀದಾಕಿ" ಅಂದೆ. ಅವರು ಇನ್ನೇನೂ ಕೇಳಲಿಲ್ಲ.

ಅವರು ಕಲಿಸುವ ರೀತಿ ನೋಡಿ ಅರ್ಧ ಮಂದಿ ಓಡಿಹೋಗುವುದರಲ್ಲಿದ್ದರು. ತಿಂಗಳುಗಟ್ಟಲೆ ಎಬಿಸಿಡಿ ಇಲ್ಲ. ಮಕ್ಕಳ ಕೈಯನ್ನು ಅವರವರ ಗಂಟಲ ಮೇಲೆ ಇಡಿಸಿ ಸ ಅನ್ನಿಸುವುದು, ಆಮೇಲೆ ಜೇನುನೊಣದ ಹಾಗೆ ಝ ಅನ್ನಿಸುವುದು. ಮೂಗು ಹಿಡಿದುಕೊಂಡು ಮ ಅನ್ನು, ನ ಅನ್ನು ಎಂದು ನಗಿಸುವುದು. ಕೆಳತುಟಿಗೆ ಮೇಲಿನ ಹಲ್ಲು ತಾಗಿಸಿದರೆ ಒಂದು ವ, ತುಟಿ ಗುಂಡಗೆ ಮಾಡಿದರೆ ಇನ್ನೊಂದು. ಹಲ್ಲಿನ ನಡುವೆ ನಾಲಿಗೆ ಇಟ್ಟು ಥಿಂಕ್ ಅನ್ನುವುದು. ನನ್ನ ಮಗಳು ಮನೆಗೆ ಬಂದು ಇದನ್ನು ಅಜ್ಜಿಯ ಮುಂದೆ ಮಾಡಿದಳು. ಅತ್ತೆ ಕೆಂಡವಾದರು. "ಹಿರೇರಿಗಿ ನಾಲಗಿ ಚಾಚೂದು ಕಲಸ್ಯಾರೇನ ಇಂಗ್ಲಿಷ್ ಸಾಲ್ಯಾಗ?"

ಅದು ಏನೂ ಅಲ್ಲ. ಮೇಣದಬತ್ತಿ ಬಂದ ವಾರ ಊರೇ ಎದ್ದಿತು. ಪ ಸರಿಯಾಗಿ ಬಂತೋ ಇಲ್ಲವೋ ನೋಡಲು ಅವರು ಬಾಯಿ ಮುಂದೆ ಮೇಣದಬತ್ತಿ ಹಿಡಿಯುತ್ತಿದ್ದರು. ಇಂಗ್ಲಿಷಿನಲ್ಲಿ ಪೆನ್ ಅಂದರೆ ಉರಿ ಆರಬೇಕು, ಬೆನ್ ಅಂದರೆ ಬರೀ ಅಲುಗಬೇಕು. ಮಕ್ಕಳಿಗೆ ಅದಕ್ಕಿಂತ ಆಟ ಬೇಕೇ? ಮನೆಮನೆಯಲ್ಲಿ ದೇವರ ಮುಂದಿನ ದೀಪಕ್ಕೆ ಬಾಯಿ ಹಚ್ಚಿ ಪೆನ್, ಪಾಟ್, ಪಿನ್ ಅನ್ನತೊಡಗಿದವು. ನಮ್ಮಲ್ಲಿ ದೀಪ ಆರಿಸು ಎಂಬ ಮಾತನ್ನೂ ಯಾರೂ ಆಡುವುದಿಲ್ಲ, ದೀಪ ದೊಡ್ಡದು ಮಾಡು ಅನ್ನುತ್ತೇವೆ. ಬಾಯಿಂದ ಊದುವುದಂತೂ ಮನೆಯ ಲಕ್ಷ್ಮಿಯನ್ನು ಊದಿದ ಹಾಗೆ. ಮೇಣದಬತ್ತಿ ಅಂದರೆ ಚರ್ಚು, ಚರ್ಚು ಅಂದರೆ ಮತಾಂತರ ಎಂದು ಯಾರೋ ಗಂಟು ಹಾಕಿದರು. ಅದಕ್ಕೆ ಮೇಡಂ ಮೇಣದಬತ್ತಿ ತೆಗೆದು ಕಾಗದದ ಚೂರು ಹಿಡಿದರು, ಅಷ್ಟೇ. ಸಮಜಾಯಿಷಿ ಇಲ್ಲ, ಕ್ಷಮೆ ಇಲ್ಲ. "ದೀಪ ಆದ್ರೇನು, ಕಾಗದ ಆದ್ರೇನು. ನನಗ ಗಾಳಿ ಕಂಡ್ರ ಸಾಕು" ಅಂದರು.

ಆಮೇಲೆ ಒಂದು ತಾಟು ಬಂತು. ಅದರಲ್ಲಿ ಒಂದು ಕೀಲಿಕೈ, ಒಂದು ಕಪ್, ಆಟದ ಕಾರು, ಶಾಲೆಯ ಚಿತ್ರ, ಮತ್ತು ಇಸ್ಪೀಟಿನ ರಾಣಿ. ಕೀ, ಕಪ್, ಕಾರ್, ಸ್ಕೂಲ್, ಕ್ವೀನ್. ಎಲ್ಲದರಲ್ಲೂ ಒಂದೇ ಸದ್ದು, ಆದರೆ ಬರೆಯಲು ಒಂದಕ್ಕೆ ಕೆ, ಇನ್ನೊಂದಕ್ಕೆ ಸಿ, ಮತ್ತೊಂದಕ್ಕೆ ಸಿಎಚ್, ರಾಣಿಗೆ ಕ್ಯೂ. "ಅಕ್ಷರ ಅಂದ್ರ ಅಂಗಿ ಇದ್ದಂಗ, ಸದ್ದ ಅಂದ್ರ ಮೈ ಇದ್ದಂಗ. ಅಂಗಿ ನೋಡಿ ಮೋಸ ಹೋಗಬ್ಯಾಡ್ರಿ" ಎಂದು ಮಕ್ಕಳಿಗೆ ಹೇಳಿದರು. ನನಗೆ ಈ ಇಂಗ್ಲಿಷೇ ಮೋಸದ ಭಾಷೆ ಅನ್ನಿಸಿತು. ಸಿ ಇಲ್ಲಿ ಕ, ಅಲ್ಲಿ ಸ. ನೈಫ್ ಬರೆಯುವಾಗ ಮೊದಲು ಕೆ ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ಥೇಟ್ ನನ್ನ ಮೈದುನನ ಹಾಗೆ. ಸಾತಬಾರಾ ಉತಾರೆಯಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರಿದೆ, ಹೊಲದಲ್ಲಿ ಆಸಾಮಿ ಇಲ್ಲ. ಇದನ್ನು ನಾನು ಅಲ್ಲೇ ಹೇಳಿದೆ. ನನ್ನ ಬಾಯಿಯನ್ನೇ ನೋಡುತ್ತಿದ್ದ ಮೇಡಂ ಮೊದಲ ಸಲ ಬಿದ್ದುಬಿದ್ದು ನಕ್ಕರು. ನಗು ಮಾತ್ರ ಅವರದು ದೊಡ್ಡದು, ಅಳತೆ ಇಲ್ಲದ್ದು.

ಆದರೆ ನನ್ನ ಮಗಳನ್ನು ಸೇರಿಸಿಕೊಂಡ ಮೇಲೇ ಈ ಕ ತಾಟು ಬಂದದ್ದು ಯಾಕೆ? ಈ ಹೆಂಗಸಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಯಾರಿಗೆ ಹೇಳುತ್ತಾರೆ? ರಾತ್ರಿ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ.

ಇನ್ನೊಂದು ವಿಚಿತ್ರವಿತ್ತು. ಉಳಿದ ತಾಯಂದಿರು ಮಕ್ಕಳನ್ನು ಬಿಟ್ಟು ಸಂತೆಗೋ ಗುಡಿಗೋ ಹೋಗುತ್ತಿದ್ದರು. ನನಗೆ ಮಾತ್ರ "ನೀವು ಇಲ್ಲೇ ಕೂಡ್ರಿ" ಅನ್ನುತ್ತಿದ್ದರು. ಒಂದೊಂದು ಮಗು ಒಂದೊಂದು ಮಾತು ಹೇಳಿದಾಗ ನನ್ನ ಕಡೆ ತಿರುಗಿ, "ಬಂತೇನ್ರಿ?" ಎಂದು ಕೇಳುತ್ತಿದ್ದರು. ಇದೆಂಥ ಮಾಸ್ತರಿಕೆ? ಸರಿ ತಪ್ಪು ಹೇಳಬೇಕಾದವರು ಅವರು, ಹತ್ತನೆಯ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಕೇಳುತ್ತಾರೆ. ಈಕೆಗೆ ಇಂಗ್ಲಿಷೇ ಬರುವುದಿಲ್ಲ, ಬೋರ್ಡು ಹಾಕಿ ಮಂದಿಗೆ ಟೋಪಿ ಹಾಕುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಆದರೂ ಬಿಡಲಿಲ್ಲ. ಜೂನ್ ಹತ್ತಿರ ಬರುತ್ತಿತ್ತು, ನನಗೆ ಬೇರೆ ದಾರಿ ಇರಲಿಲ್ಲ.

ಒಂದು ಶನಿವಾರ ಅಕ್ಕಲಕೋಟದಲ್ಲಿ ಲೈಟ್ ಇರಲಿಲ್ಲ. ಗಿರಣಿ ಬಂದ್, ಓಣಿಯೆಲ್ಲ ಸುಮ್ಮನಿತ್ತು. ಅವತ್ತು ಮೇಡಂ ನನಗೆ ಕೂಡ್ರಿ ಅನ್ನಲಿಲ್ಲ. ಮಗಳನ್ನು ಬಿಟ್ಟು ಚಪ್ಪಲಿ ಹೊಲಿಸಲು ಹೋದವಳು ಬೇಗ ತಿರುಗಿ ಬಂದೆ. ಕಿಟಕಿಯಲ್ಲಿ ಇಣುಕಿದೆ. ಒಳಗೆ ಬೇರೆ ಮಕ್ಕಳಿರಲಿಲ್ಲ. ನನ್ನ ಮಗಳು ಚಾಪೆಯ ಮೇಲೆ ಅಂಗಾತ ಮಲಗಿದ್ದಳು, ಕಣ್ಣು ಮೇಲಕ್ಕೆ. ಮೇಡಂ ಬಾಗಿಲಿಗೆ ಬೆನ್ನು ಮಾಡಿ ಅವಳ ತಲೆಯ ಬಳಿ ಕೂತು ಚಮಚದಿಂದ ಬಾಯಿಗೆ ನೀರು ಬಿಡುತ್ತಿದ್ದರು.

ನೆಲದ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಚಮಚದಲ್ಲಿ ನೀರು ಬಿಡುವುದು ಯಾವಾಗ ಎಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ನನ್ನ ಮಾವನಿಗೆ ಹಾಗೆ ಬಿಟ್ಟಿದ್ದೆವು, ಗಂಗೆಯ ನೀರು, ಮೇಲೊಂದು ತುಳಸಿ ಎಲೆ. "ಏಯ್! ಏನ್ ಮಾಡಾಕತ್ತೀ ನನ್ನ ಮಗಳಿಗಿ? ಬಿಡs ಅಕೀನ್ನ!" ಎಂದು ಕಿರುಚುತ್ತಾ ಒಳಗೆ ನುಗ್ಗಿದೆ. ನನ್ನ ದನಿ ಸಣ್ಣದಲ್ಲ, ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವಂಥದ್ದು. ಪಕ್ಕದ ಓಣಿಯಲ್ಲಿ ನಾಯಿ ಬೊಗಳಿತು.

ಮೇಡಂ ತಿರುಗಲಿಲ್ಲ.

ಅವರ ಬೆನ್ನಿಗೆ ಒಂದು ಕೈ ದೂರದಲ್ಲಿ ನಿಂತು ಕಿರುಚಿದೆ. ಅವರ ಕೈಯ ಚಮಚ ಅಲುಗಲಿಲ್ಲ, ಹನಿ ನೀರು ಚೆಲ್ಲಲಿಲ್ಲ. ಮಗಳು ನನ್ನನ್ನು ನೋಡಿದಳು. ಅವಳ ಕಣ್ಣು ತಿರುಗಿದ್ದನ್ನು ನೋಡಿ ಅವರು ತಿರುಗಿದರು. ನನ್ನ ಮುಖ ಕಂಡು ಗಾಬರಿಯಾಗಿ ಚಮಚ ಕೆಳಗಿಟ್ಟರು. ನನಗೆ ಆಗಲೇ ಗೊತ್ತಾಯಿತು. ಗಿರಣಿ, ಬೆಳಕು, ಬಾಯಿ ನೋಡುವುದು, ಕರೆದರೆ ಓಗೊಡದ ಸೊಕ್ಕು, ಎಲ್ಲಾ ಒಂದೇ ಸಲ ಗೊತ್ತಾಯಿತು.

"ನಿಮಗ ಕಿವಿ ಕೇಳಂಗಿಲ್ಲ" ಅಂದೆ.

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಬಂದು ಬೆಳಕಿನಲ್ಲಿ ನನ್ನೆದುರು ಕೂತರು. "ಒಂಬತ್ತನೇ ವರ್ಷದಾಗ ಜ್ವರ ಬಂದಿತ್ರಿ. ಜ್ವರ ಹೋತು. ಹೋಗುಮುಂದ ಕಿವಿ ತಗೊಂಡ ಹೋತು." ಕೂದಲು ಸರಿಸಿ ತೋರಿಸಿದರು, ಕಿವಿಯ ಹಿಂದೆ ಒಂದು ಮಶೀನು. "ಇದರಾಗ ಗದ್ದಲ ಕೇಳತೈತಿ, ಮಾತ ಕೇಳಂಗಿಲ್ಲ."

"ಮತ್ತ ಉಚ್ಚಾರ ಹ್ಯಾಂಗ ಕಲಸ್ತೀರಿ? ಕುರುಡ ದಾರಿ ತೋರಿಸಿದಂಗ ಆತಲ್ಲ ಇದು!"

ಇಷ್ಟು ಕಟುವಾಗಿ ಅಂದರೂ ಅವರು ಬೇಸರಪಡಲಿಲ್ಲ. "ನಾನೂ ಹಿಂಗs ಕಲ್ತೀನ್ರಿ. ಪ ಅಂದ್ರ ಗಾಳಿ ಕೈಗೆ ಬಡೀತೈತಿ. ಬ ಅಂದ್ರ ಗಂಟಲ ಗುಂಯ್ ಅಂತೈತಿ. ಮ ಅಂದ್ರ ಮೂಗ ನಡಗತೈತಿ. ಇವನ್ನೆಲ್ಲಾ ನಾ ಮುಟ್ಟಿ ನೋಡತೀನಿ. ಕ ಒಂದs ಕೈಗೆ ಸಿಗಂಗಿಲ್ಲ. ಒಳಗ, ಹಿಂದ ಆಗತೈತಿ. ಕಣ್ಣಿಗೆ ಕಾಣಂಗಿಲ್ಲ, ಗಂಟಲಾಗ ಗುಂಯ್ ಅನ್ನಂಗಿಲ್ಲ. ಅದಕ್ಕ ನಿಮ್ಮನ್ನ ಕೂಡಸ್ಕೊಂಡೀನಿ."

"ನನ್ನs ಯಾಕ? ಬ್ಯಾರೆ ತಾಯಂದ್ರು ಇರಲಿಲ್ಲೇನು?"

"ಅವರು ಎಲ್ಲಾಕ್ಕೂ ಭಾಳ ಚಲೋ ಬಂತ್ರಿ ಅಂತಾರ. ನಿಮ್ಮ ಕಡೆ ಯಾವುದೂ ಪಾಸ್ ಆಗಂಗಿಲ್ಲ."

ನನ್ನ ಸಂಶಯವನ್ನು ಜೀವನದಲ್ಲಿ ಯಾರಾದರೂ ಹೊಗಳಿದ್ದು ಅದೊಂದೇ ಸಲ. ಅವರೇ ಮುಂದುವರಿಸಿದರು. ಚಮಚದ ನೀರು ಗಂಗೆಯಲ್ಲ, ಗಳಗಳ ಮಾಡಿಸಲು. ಮಲಗಿದರೆ ನಾಲಿಗೆ ತಾನೇ ಹಿಂದಕ್ಕೆ ಬೀಳುತ್ತದೆ, ನೀರು ಗಂಟಲಲ್ಲಿ ನಿಂತು ಕುಣಿಯುತ್ತದೆ, ಕ ಹುಟ್ಟುವ ಜಾಗ ಮಗುವಿಗೆ ಗುರುತು ಸಿಗುತ್ತದೆ. ಕಾವ್ಯಾಳ ಸಂಗತಿ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. "ನಾ ಹೆಸರ ಅಕೀಗಿ ಕೇಳಿದ್ನಿ, ಉತ್ತರ ನೀವ ಕೊಟ್ರಿ. ಅಲ್ಲೇ ತಿಳೀತು." ಬೇರೆ ಮಕ್ಕಳ ಮುಂದೆ ಅವಳನ್ನು ಮಲಗಿಸಿದರೆ ಸುದ್ದಿಯಾಗುತ್ತದೆಂದು ಲೈಟಿಲ್ಲದ ನೆವ ಹೇಳಿ ಉಳಿದವರಿಗೆ ರಜೆ ಕೊಟ್ಟಿದ್ದರು.

ಕಡೆಗೆ ಅವರು ಕೈ ಹಿಡಿದು ಹೇಳಿದರು. "ನಾ ಇರೂತನಕ ಬಾಯಿ ಬಿಡಬ್ಯಾಡ್ರಿ. ಕಿವುಡಿ ಉಚ್ಚಾರ ಕಲಸ್ತಾಳಂತ ಅಂದ್ರ ನಾಳೆ ಒಂದ ಹುಡುಗ ಬರಂಗಿಲ್ಲ. ಹ್ವಾದ ಮ್ಯಾಲ ನಿಮ್ಮ ಮರ್ಜಿ, ಹೆಸರ ಮಾತ್ರ ತಗೀಬ್ಯಾಡ್ರಿ. ನಮ್ಮ ಅಣ್ಣಂದು ಹೆಣ್ಮಕ್ಕಳ ಸಂಸಾರ. ಮನ್ಯಾಗ ಕಿವುಡ ಐತಿ ಅಂದ್ರ ಬಂದ ವರ ಹೊರಗಿಂದ ಹೊರಗs ಹೋಗ್ತಾವು."

ಈ ಮಾತು ನನಗೆ ಬೇರೆಯವರು ತಿಳಿಸಿ ಹೇಳಬೇಕೇ?

ಇಷ್ಟಾದ ಮೇಲೆ ನಾವಿಬ್ಬರೂ ಗಳಸ್ಯ ಕಂಠಸ್ಯ ಆದೆವೆಂದು ತಿಳಿಯಬೇಡಿ. ಅವರ ಜುಟ್ಟು ನನ್ನ ಕೈಯಲ್ಲಿತ್ತು, ನನ್ನದು ಅವರ ಕೈಯಲ್ಲಿ, ಅಷ್ಟೇ. ಎಲ್ಲಿ ಬಾಯಿ ಬಿಡುತ್ತಾರೋ ಎಂದು ನಾನು ಅವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು. ಒಮ್ಮೆ ಒಬ್ಬ ಹುಡುಗನ ಅಪ್ಪ, ಬಟ್ಟೆ ಅಂಗಡಿಯವರು, ಯಾರದೋ ಮಾತು ಕೇಳಿ ಮೇಡಂರ ಕಿವಿ ಪರೀಕ್ಷೆ ಮಾಡಲೆಂದೇ ಬಂದರು. ಮೇಡಂ ಗೋಡೆಯ ಕಡೆ ಮುಖ ಮಾಡಿ ಚಿತ್ರ ಅಂಟಿಸುತ್ತಿದ್ದರು, ನಾನು ಆ ಗೋಡೆಯ ಬುಡದಲ್ಲೇ ಕೂತಿದ್ದೆ. ಆತ ಬಾಗಿಲಲ್ಲಿ ನಿಂತು ಮೆಲ್ಲಗೆ "ಮೇಡಂ" ಅಂದರು. ನಾನು ಕಣ್ಣೆತ್ತಿ ಬಾಗಿಲು ನೋಡಿದೆ. ನನ್ನ ಕಣ್ಣು ನೋಡಿ ಮೇಡಂ ತಿರುಗಿ, "ಬರ್ರಿ, ಬರ್ರಿ" ಅಂದರು. ಆತ ಪೆಚ್ಚಾಗಿ ಹೋದರು. ನಾನು ಮೇಡಂರನ್ನು ಉಳಿಸಿದ್ದಲ್ಲ, ನನ್ನ ಮಗಳ ಕ ಉಳಿಸಿಕೊಂಡದ್ದು. ಆ ವರ್ಗ ಮುಚ್ಚಿದ್ದರೆ ನಾನು ಎಲ್ಲಿಗೆ ಹೋಗುತ್ತಿದ್ದೆ?

ಆಮೇಲೆ ಕೆಲಸ ಶುರುವಾಯಿತು. ಗಳಗಳದಿಂದ ಗ್ ಬಂತು. ಗ್ ಹಿಂದೆ ಒಂದು ಒಣ ಕ್ ಬಂತು, ಕೆಮ್ಮಿದ ಹಾಗೆ. ಆದರೆ ಮಾತಿನಲ್ಲಿ ಸೇರಿಸಿದರೆ ಮತ್ತೆ ತ. ಆಗ ಮೇಡಂ ಮಾಡಿದ ಉಪಾಯ ನನಗೆ ಇವತ್ತಿಗೂ ಸೋಜಿಗ. ನಮ್ಮ ಮಾತು ಯಾವುದೂ ಕ್ ಎಂದು ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ಮುಗಿಯುತ್ತವೆ, ಬುಕ್, ಮಿಲ್ಕ್, ಬ್ಲ್ಯಾಕ್, ಡಕ್. ಮಾತಿನ ಕೊನೆಗೆ ಬರುವ ಕ್ ಸುಲಭ, ಮೊದಲಿಗೆ ಬರುವುದು ಕಷ್ಟ. "ಎಮ್ಮಿ ಕೊಂಬಿಗೆ ಕೈ ಹಾಕಬ್ಯಾಡ್ರಿ, ಬಾಲ ಹಿಡೀರಿ" ಅಂದರು. ಬುಕ್‌ನಿಂದ ಬುಕ್‌ಕೀ, ಬುಕ್‌ಕೀಯಿಂದ ಕೀ. ಪ್ರತಿಯೊಂದಕ್ಕೂ ನನ್ನ ಕಡೆ ತಿರುಗುವುದು. ನಾನು ಇಲ್ಲ ಅನ್ನುವುದು. ಮತ್ತೆ ಇಲ್ಲ. ಮಗಳು ಅಳುವಳು. "ಅವ್ವಾ, ನೀ ಬರಬ್ಯಾಡ, ನೀ ಇದ್ರ ಬರಂಗೇ ಇಲ್ಲ" ಅನ್ನುವಳು. ಆದರೂ ಬಾರದ್ದನ್ನು ಬಂತು ಅಂತ ಹೇಗೆ ಅನ್ನಲಿ? ಆ ಮುದುಕಿ ನನ್ನ ಬಾಯಿಯನ್ನೇ ನೋಡುತ್ತಾ ಕೂತಿರುತ್ತಿದ್ದರು.

ಬಸ್ಸಿನಲ್ಲಿ ತಿರುಗಿ ಬರುವಾಗ ನನ್ನ ಮಗಳು ನನ್ನ ಪಕ್ಕ ಕೂಡುತ್ತಿರಲಿಲ್ಲ.

ಮೇ ತಿಂಗಳ ಕೊನೆಯ ವರ್ಗ. ಮುಂದಿನ ವಾರ ಶಾಲೆ. ಮೇಡಂ ಅವಳನ್ನು ಎದ್ದು ನಿಲ್ಲಿಸಿ ಹೆಸರು, ಊರು, ತಾಲೂಕು ಹೇಳು ಅಂದರು. ಅವಳು ಹೇಳಿದಳು. ಕಾವ್ಯಾ. ಕರಜಗಿ. ಅಕ್ಕಲಕೋಟ. ನನ್ನ ಕಿವಿಗೆ ಎಲ್ಲವೂ ಸ್ವಚ್ಛವಾಗಿ ಕೇಳಿದವು.

"ಬಂತ್ರೀ" ಅಂದೆ. "ಖರೇನs ಬಂತು."

ಮೇಡಂ ನನ್ನ ಮುಖ ನೋಡಿದರು, ಬಹಳ ಹೊತ್ತು. ತಲೆ ಅಲ್ಲಾಡಿಸಿದರು. "ಇವತ್ತ ನಿಮ್ಮನ್ನ ನಂಬಂಗಿಲ್ಲ. ನಿಮ್ಮ ಮಾರಿ ಪಾಸ್ ಮಾಡೂಣು ಅಂತs ತಯಾರಾಗಿ ಬಂದೈತಿ. ತಾಯಿ ಕಿವಿ ಆಸೇದ ಕಿವಿ ಆಗ್ಯಾವು."

ನನಗೆ ರೇಗಿತು. "ಇಷ್ಟ ದಿನಾ ಇಲ್ಲ ಅಂದಾಗ ನಂಬಿದ್ರಿ. ಇವತ್ತ ಹೌದ ಅಂದ್ರ ಸುಳ್ಳೇನು?"

"ಗೊತ್ತಿಲ್ಲ. ಅದಕ್ಕs ಗೊತ್ತಿದ್ದಾವರ ಬ್ಯಾಡ, ಗೊತ್ತಿಲ್ಲದಾವರು ಬೇಕು. ಎದ್ದೇಳ್ರಿ." ಚಪ್ಪಲಿ ಮೆಟ್ಟಿಕೊಂಡು ಅವರೇ ಮುಂದೆ ನಡೆದರು. ನಾವು ಹಿಂದೆ.

ಸ್ಟ್ಯಾಂಡಿನಲ್ಲಿ ಕರಜಗಿ ಬಸ್ಸು ನಿಂತಿತ್ತು, ಅರ್ಧ ತುಂಬಿತ್ತು. ಕಂಡಕ್ಟರ್ ಹೊಸಬ, ನಾನು ಹಿಂದೆ ನೋಡಿದವನಲ್ಲ. ಮೇಡಂ ಮಗಳ ಕೈಗೆ ನೋಟು ಕೊಟ್ಟು, "ನೀ ತಗೋ ಟಿಕೀಟ. ನಿಮ್ಮವ್ವ ಬಾಯಿ ತಗಿಯಂಗಿಲ್ಲ" ಅಂದರು. ನನ್ನ ಕಡೆ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟರು. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತರು. ಅವರು ನನ್ನ ಮಗಳನ್ನು ನೋಡುತ್ತಿರಲಿಲ್ಲ. ಕಂಡಕ್ಟರನ ಮುಖ ನೋಡುತ್ತಿದ್ದರು, ರೆಪ್ಪೆ ಬಡಿಯದೆ. ಅವನ ಹುಬ್ಬು ಎದ್ದರೆ, ತುಟಿ ಮೂಲೆ ಅಲುಗಿದರೆ, "ಕಾಯ?" ಎಂದು ಮರಾಠಿಯಲ್ಲಿ ಮತ್ತೆ ಕೇಳಲು ಬಾಯಿ ತೆರೆದರೆ, ಮುಗಿಯಿತು. ನನ್ನ ಬಾಯಿ ಒಳಗೊಳಗೇ ಅವಳ ಮಾತನ್ನು ಹೇಳುತ್ತಿತ್ತು. ಹಲ್ಲು ಕಚ್ಚಿ ಹಿಡಿದುಕೊಂಡೆ.

ಕಂಡಕ್ಟರ್ ಟಿಕೀಟಿನ ಮಶೀನು ನೋಡುತ್ತಾ ನಮ್ಮ ಸೀಟಿಗೆ ಬಂದ.

"ಕಾಕಾ, ಕರಜಗೀಚೀ ದೋನ ತಿಕಿಟ ದ್ಯಾ" ಎಂದು ಮರಾಠಿಯಲ್ಲೇ ಎರಡು ಟಿಕೀಟು ಕೇಳಿದಳು ನನ್ನ ಮಗಳು.

ಅವನು ತಲೆ ಎತ್ತಲಿಲ್ಲ. ಗುಂಡಿ ಒತ್ತಿದ, ಟಿಕೀಟು ಹರಿದ, ಚಿಲ್ಲರೆ ಕೊಟ್ಟ, "ಪುಢೆ ಬೋಲಾ" ಎಂದು ಮುಂದಿನವರನ್ನು ಕೇಳುತ್ತಾ ಹಿಂದಿನ ಸೀಟಿಗೆ ಹೋದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಬಿಸಿಲು, ಬೇಸರ, ಅಷ್ಟೇ. ಮೇಡಂ ಆ ಮುಖವನ್ನು ಇನ್ನೂ ಒಂದು ಗಳಿಗೆ ಹುಡುಕಿದರು. ಆಮೇಲೆ ಕಂಬಿ ಬಿಟ್ಟು ಕೆಳಗಿಳಿದರು. ಬಸ್ಸು ಹೊರಟಿತು.

ನನಗೆ ತಡೆಯಲಾಗಲಿಲ್ಲ. ಮಾವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ದನಿ ಹೊರಗೆ ಬಂತು. ಪಕ್ಕದ ಸೀಟಿನ ಮುದುಕಿ ಗಾಬರಿಯಾಗಿ ನನ್ನ ಭುಜ ಹಿಡಿದು, "ಯಾರ ಸತ್ತಾರ ಯವ್ವಾ?" ಎಂದು ಕೇಳಿದಳು.

"ಯಾರೂ ಸತ್ತಿಲ್ಲಬೇ" ಅಂದೆ. "ನನ್ನ ಮಗಳು ಟಿಕೀಟ ತಗದಾಳ."